ಇಲಿಯ ಮರೆವು ಹೋದರೆ ಆಯಿಯ ಮರೆವೂ ಹೋಗುತ್ತದೆಯೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಆಯಿಗೆ 74 ವರ್ಷ. ಒಂದು ವರ್ಷದಿಂದ ಅವಳಿಗೆ ಮರೆವು ಜಾಸ್ತಿಯಾಗಿದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾಳೆ, ಹಾಲು ಒಲೆಯ ಮೇಲಿಟ್ಟು ಮರೆಯುತ್ತಾಳೆ. ಮೊನ್ನೆ ಪೇಟೆಯಲ್ಲಿ, ಮಾರಿಗುಡಿಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿ ತಿಳಿಯದೆ ನಿಂತುಬಿಟ್ಟಿದ್ದಳು. ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾಳೆ. ಕಾಲುರಿಗೆ ರಾತ್ರಿ ಒಂದು ಸಣ್ಣ ಮಾತ್ರೆ ಇದೆ. ಶೀತವಾದರೆ ಅಂಗಡಿಯಿಂದಲೇ ಮಾತ್ರೆ ತರುತ್ತೇವೆ. ಒಂದೆಲಗದ ಸಾರ ಕೊಟ್ಟಾಗ ಇಲಿಗಳ ಮರೆವು ಹೋಯಿತು ಎಂಬ ಬರಹವೊಂದು ಮೊಬೈಲಿಗೆ ಬಂದಿತ್ತು. ಆ ಸಾರದ ಕ್ಯಾಪ್ಸೂಲ್ ಆಯಿಗೆ ಕೊಡಬಹುದೇ? ಇಲಿಗೆ ನೆನಪಿದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತದೆ? ಮಗಳು ಹುಬ್ಬಳ್ಳಿಯಲ್ಲಿ ಎಂ.ಫಾರ್ಮ್ ಓದುತ್ತಿದ್ದಾಳೆ. ನಮ್ಮ ತೋಟದ ಒಂದೆಲಗದಲ್ಲೇ ಇಂಥ ಪ್ರಯೋಗ ಮಾಡುವ ಆಸೆ ಅವಳಿಗಿದೆ. ಏನು ಹೇಳುತ್ತೀರಿ?

ಉತ್ತರ: ಮೊದಲು ಈ ವಾರವೇ ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ. ಕಾರಣ ಆಮೇಲೆ. ಕ್ಯಾಪ್ಸೂಲ್ ಸದ್ಯಕ್ಕೆ ಶುರು ಮಾಡಬೇಡಿ. ಮನೆಯಲ್ಲಿ ಒಂದೆಲಗದ ತಂಬುಳಿ ಮಾಡುತ್ತಿದ್ದರೆ ಅದನ್ನು ನಿಲ್ಲಿಸಬೇಕಾಗಿಲ್ಲ, ಅದು ಊಟ. ಆಯಿ ಇಷ್ಟಪಟ್ಟು ಉಣ್ಣುತ್ತಾರಾದರೆ ಉಣ್ಣಲಿ. ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಅಂಗಡಿಯಿಂದ ತಂದ ಶೀತದ ಮಾತ್ರೆಯೂ ಅದರಲ್ಲಿರಲಿ. ಆಯಿಯನ್ನೂ ಚೀಲವನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಹೆಸರು ತಟ್ಟನೆ ನೆನಪಾಗದಿರುವುದು, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ವಯಸ್ಸಾದವರಲ್ಲಿ ಇದ್ದದ್ದೇ. ವರ್ಷಗಟ್ಟಲೆ ಓಡಾಡಿದ ದಾರಿ ತಪ್ಪುವುದು ಹಾಗಲ್ಲ. ಅದನ್ನು ತಪಾಸಣೆ ಮಾಡಿಸಲೇಬೇಕು.

ಇನ್ನು ಇಲಿಯ ಸಮಾಚಾರ. ಬರಹದಲ್ಲಿ ಹೇಳಿದ ಇಲಿಗಳಿಗೆ ಮರೆವು ಎಲ್ಲಿಂದ ಬಂತು ಅಂತ ಯೋಚಿಸಿದ್ದೀರಾ? ಇಂಥ ಬಹುಪಾಲು ಪ್ರಯೋಗಗಳಲ್ಲಿ ಅವು ಮುದಿಯಾಗಿ ಮರೆತ ಇಲಿಗಳಲ್ಲ. ಚೆನ್ನಾಗಿರುವ ಎಳೆಯ ಇಲಿಗಳಿಗೆ ಲ್ಯಾಬಿನಲ್ಲಿ ನಾವೇ ಮರೆವು ತರಿಸುತ್ತೇವೆ. ಅದಕ್ಕೆ ಹೆಚ್ಚಾಗಿ ಬಳಸುವ ಔಷಧ ಸ್ಕೊಪೊಲಮಿನ್. ಇದು ನಿಮ್ಮ ಕಡೆಯ ರಸ್ತೆ ಬದಿಯಲ್ಲೇ ಬೆಳೆಯುವ ಉಮ್ಮತ್ತದ ಗಿಡದಲ್ಲಿದೆ. ಉಮ್ಮತ್ತದ ಬೀಜ ಹೊಟ್ಟೆಗೆ ಹೋದವರ ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ಬುದ್ಧಿ ಕಲಕುತ್ತದೆ. ಅಮಲು ಇಳಿದ ಮೇಲೆ ನಡೆದದ್ದು ಎಷ್ಟೋ ಸಲ ನೆನಪೇ ಇರುವುದಿಲ್ಲ. ಆ ಗುಣವನ್ನೇ ಅಳತೆ ಮಾಡಿ, ತೀರಾ ಸಣ್ಣ ಪ್ರಮಾಣದಲ್ಲಿ ಇಲಿಗೆ ಕೊಡುವುದು.

ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಕೆಲವು ರಾಸಾಯನಿಕಗಳನ್ನು ಬಿಡುತ್ತದೆ. ಹೊಸದನ್ನು ಕಲಿಯಲು, ಗಮನ ಕೊಡಲು ಬೇಕಾದ ಮುಖ್ಯ ರಾಸಾಯನಿಕ ಅಸಿಟೈಲ್‌ಕೋಲಿನ್. ಅದು ಹೋಗಿ ಕೂರಬೇಕಾದ ಜಾಗದಲ್ಲಿ ಸ್ಕೊಪೊಲಮಿನ್ ಕೂತುಬಿಡುತ್ತದೆ. ಸುದ್ದಿ ಬಿಟ್ಟರೂ ಮುಟ್ಟುವುದಿಲ್ಲ. 1974ರಲ್ಲಿ ಡ್ರಾಕ್‌ಮನ್ ಮತ್ತು ಲೆವಿಟ್ ಎಂಬ ಸಂಶೋಧಕರು ಆರೋಗ್ಯವಂತ ಯುವಜನರಿಗೆ ಸ್ಕೊಪೊಲಮಿನ್ ಕೊಟ್ಟು ನೋಡಿದರು. ಅವರಿಗೆ ಸ್ವಲ್ಪ ಹೊತ್ತು ಬಂದ ಮರೆವು ವಯಸ್ಸಾದವರ ಮರೆವನ್ನು ಹೋಲುತ್ತಿತ್ತು. ಎರಡು ವರ್ಷದ ನಂತರ ಬ್ರಿಟನ್ನಿನಲ್ಲಿ, ಆಲ್ಜೈಮರ್ ಕಾಯಿಲೆಯಿಂದ ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿದಾಗ, ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವವೇ ಕಡಿಮೆಯಾಗಿರುವುದು ಕಂಡಿತು. ಎರಡೂ ಸೇರಿ ಒಂದು ದೊಡ್ಡ ದಾರಿ ತೆರೆಯಿತು. ಇಂದಿಗೂ ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಗಿಡದ ಸಾರವನ್ನು ಮರೆವಿಗೆ ಪರೀಕ್ಷಿಸುವವರು ಹೆಚ್ಚಾಗಿ ಹಿಡಿಯುವುದು ಈ ಸ್ಕೊಪೊಲಮಿನ್ ದಾರಿಯನ್ನೇ. ಖರ್ಚು ಕಡಿಮೆ, ಬೇಗ ಮುಗಿಯುತ್ತದೆ, ಫಲಿತಾಂಶ ಸ್ಪಷ್ಟ.

ಇಲ್ಲಿ ನಿಮ್ಮ ಊರಿಗೆ ಹತ್ತಿರದ ಇನ್ನೊಂದು ಮಾತು ಹೇಳಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ಸ್ಕೊಪೊಲಮಿನ್‌ಗೆ ನೇರ ವಿರುದ್ಧ. ಅಸಿಟೈಲ್‌ಕೋಲಿನ್ ಕೂರುವ ಅದೇ ಜಾಗದಲ್ಲಿ ಕೂತು, ಸುದ್ದಿ ಬಂದಿದೆ ಎಂದೇ ಅದು ಕೋಶಕ್ಕೆ ತಿಳಿಸುತ್ತದೆ. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅರೆಕೋಲಿನ್ ಕೊಟ್ಟ ಆರೋಗ್ಯವಂತರು ಪದಗಳ ಪಟ್ಟಿಯನ್ನು ಸ್ವಲ್ಪ ಬೇಗ ಕಲಿತರು. ಸ್ಕೊಪೊಲಮಿನ್ ಕೊಟ್ಟಾಗ ನಿಧಾನವಾದರು. ಮುಂದೆ ಆಲ್ಜೈಮರ್ ರೋಗಿಗಳಿಗೂ ಕೊಟ್ಟು ನೋಡಿದ್ದಾರೆ. ಆದರೆ ಅದರ ಪರಿಣಾಮ ಬಹಳ ಹೊತ್ತು ನಿಲ್ಲುವುದಿಲ್ಲ, ಅಡ್ಡಪರಿಣಾಮ ಇದೆ, ಹಾಗಾಗಿ ಔಷಧವಾಗಲಿಲ್ಲ. ಇದನ್ನು ಓದಿ ಯಾರೂ ಕವಳ ಜಾಸ್ತಿ ಮಾಡಬೇಡಿ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಒಂದು ಗಿಡದಲ್ಲಿ ಮಿದುಳಿಗೆ ತಾಗುವ ವಸ್ತು ಇದೆ ಅನ್ನುವುದಕ್ಕೂ, ಆ ಗಿಡ ಮರೆವಿಗೆ ಔಷಧ ಅನ್ನುವುದಕ್ಕೂ ಎಷ್ಟು ದೂರವಿದೆ ಎಂದು ತೋರಿಸಲು ಇದನ್ನು ಹೇಳಿದೆ.

ಇಲಿಗೆ ನೆನಪಿದೆಯೇ ಅಂತ ಹೇಗೆ ತಿಳಿಯುವುದು? ಅದನ್ನು ಬಾಯಿಬಿಟ್ಟು ಕೇಳಲಾಗದು. ಅದರ ನಡೆಯಿಂದಲೇ ಊಹಿಸಬೇಕು. ಎಲ್ಲಕ್ಕಿಂತ ಪ್ರಸಿದ್ಧವಾದ ಪರೀಕ್ಷೆಯನ್ನು ರಿಚರ್ಡ್ ಮಾರಿಸ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ರೂಪಿಸಿದರು. ಒಂದೂವರೆ ಮೀಟರ್ ಆಸುಪಾಸಿನ ದುಂಡನೆಯ ತೊಟ್ಟಿ. ಅದರ ನೀರಿಗೆ ಹಾಲಿನ ಪುಡಿ ಅಥವಾ ವಿಷವಿಲ್ಲದ ಬಣ್ಣ ಕದಡಿ ತಳ ಕಾಣದಂತೆ ಮಾಡುತ್ತಾರೆ. ನೀರಿನ ಮೇಲ್ಮೈಗಿಂತ ಒಂದೆರಡು ಸೆಂಟಿಮೀಟರ್ ಕೆಳಗೆ ಒಂದು ಪುಟ್ಟ ಅಟ್ಟಣಿಗೆ ಇರುತ್ತದೆ. ಇಲಿಗೆ ಈಜು ಬರುತ್ತದೆ, ಆದರೆ ನೀರಲ್ಲಿರುವುದು ಅದಕ್ಕೆ ಇಷ್ಟವಿಲ್ಲ. ಸುತ್ತಾಡುತ್ತಾ ಸುತ್ತಾಡುತ್ತಾ ಅಟ್ಟಣಿಗೆ ಕಾಲಿಗೆ ಸಿಕ್ಕಾಗ ಹತ್ತಿ ನಿಲ್ಲುತ್ತದೆ. ಕೋಣೆಯ ಗೋಡೆಯಲ್ಲಿ ಚಿತ್ರ, ಪರದೆ, ಏನಾದರೂ ಗುರುತು ಇರುತ್ತದೆ. ದಿನಕ್ಕೆ ನಾಲ್ಕು ಸಲದಂತೆ ನಾಲ್ಕೈದು ದಿನ ಬಿಟ್ಟರೆ, ಆ ಗುರುತು ಹಿಡಿದು ಕೆಲವೇ ಸೆಕೆಂಡಿನಲ್ಲಿ ನೇರ ಅಲ್ಲಿಗೆ ಹೋಗುವುದನ್ನು ಇಲಿ ಕಲಿಯುತ್ತದೆ. ಕೊನೆಗೆ ಅಟ್ಟಣಿಗೆಯನ್ನೇ ತೆಗೆದುಬಿಡುತ್ತಾರೆ. ನೆನಪಿರುವ ಇಲಿ ಅದು ಇದ್ದ ಭಾಗದಲ್ಲೇ ಜಾಸ್ತಿ ಹೊತ್ತು ಹುಡುಕುತ್ತದೆ. ನೆನಪಿಲ್ಲದ ಇಲಿ ತೊಟ್ಟಿಯೆಲ್ಲ ಅಲೆಯುತ್ತದೆ.

ಇನ್ನೂ ಕೆಲವು ಪರೀಕ್ಷೆಗಳಿವೆ. ನೆಲದಿಂದ ಎತ್ತರಿಸಿದ ಪ್ಲಸ್ ಆಕಾರದ ಹಲಗೆಯ ತೆರೆದ ತೋಳಿನ ತುದಿಯಲ್ಲಿ ಇಲಿಯನ್ನು ಬಿಟ್ಟು, ಗೋಡೆಯಿರುವ ತೋಳಿಗೆ ಅದು ಎಷ್ಟು ಬೇಗ ಸೇರುತ್ತದೆ ಎಂದು ಇಂದೂ ನಾಳೆಯೂ ನೋಡುವುದು ಒಂದು. ನಿನ್ನೆ ನೋಡಿದ ವಸ್ತು ಮತ್ತು ಹೊಸ ವಸ್ತು ಎರಡನ್ನೂ ಮುಂದಿಟ್ಟರೆ, ಇಲಿ ಹೊಸದನ್ನು ಜಾಸ್ತಿ ಮೂಸುತ್ತದೆಯೇ ಎಂದು ಗಮನಿಸುವುದು ಇನ್ನೊಂದು. ಇದರಲ್ಲಿ ನೀರೂ ಇಲ್ಲ, ನೋವೂ ಇಲ್ಲ, ಹಾಗಾಗಿ ನನಗೆ ಇಷ್ಟ.

ಈ ಪರೀಕ್ಷೆಗಳಲ್ಲಿ ಮೋಸ ಹೋಗುವುದು ಬಹಳ ಸುಲಭ. ಗಿಡದ ಸಾರ ಇಲಿಯನ್ನು ಚುರುಕಾಗಿಸಿತು ಅನ್ನಿ. ಅದು ಬೇಗ ಈಜುತ್ತದೆ, ಅಟ್ಟಣಿಗೆ ಬೇಗ ಸಿಗುತ್ತದೆ. ನೆನಪು ಒಂದಿಷ್ಟೂ ಸುಧಾರಿಸದಿದ್ದರೂ ಗಡಿಯಾರದಲ್ಲಿ ಸುಧಾರಿಸಿದಂತೆ ಕಾಣುತ್ತದೆ. ಸಾರಕ್ಕೆ ಭಯ ಇಳಿಸುವ ಗುಣವಿದ್ದರೆ ಪ್ಲಸ್ ಹಲಗೆಯ ಲೆಕ್ಕ ತಲೆಕೆಳಗಾಗುತ್ತದೆ. ಏಕೆಂದರೆ ಮೂಲತಃ ಅದು ಭಯ ಅಳೆಯುವ ಹಲಗೆ. ಒಂದೆಲಗಕ್ಕೆ ಆತಂಕ ತಗ್ಗಿಸುವ ಗುಣ ಇರಬಹುದು ಎಂದು ತೋರಿಸುವ ಪ್ರಯೋಗಗಳೂ ಇವೆ, ಆದ್ದರಿಂದ ಈ ಎಚ್ಚರ ಅದಕ್ಕೆ ಇನ್ನೂ ಜಾಸ್ತಿ ಬೇಕು. ಅದಕ್ಕೇ ಈಜುವ ವೇಗವನ್ನು ಬೇರೆಯಾಗಿ ಅಳೆಯಬೇಕು. ಅಟ್ಟಣಿಗೆ ಕಣ್ಣಿಗೆ ಕಾಣುವಂತೆ ಇಟ್ಟೂ ಒಮ್ಮೆ ಪರೀಕ್ಷಿಸಬೇಕು. ಯಾವ ಇಲಿಗೆ ಸಾರ ಕೊಟ್ಟಿದೆ, ಯಾವುದಕ್ಕೆ ಬರಿ ನೀರು ಕೊಟ್ಟಿದೆ ಎಂದು ಗಡಿಯಾರ ಹಿಡಿದವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಒಳ್ಳೆಯ ಮನಸ್ಸಿನವರ ಕೈಯೂ ಗುಂಡಿ ಒತ್ತುವಾಗ ಅರೆ ಸೆಕೆಂಡು ಅತ್ತಿತ್ತ ಆಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿ, ಸಾರ ಕುಡಿದ ಇಲಿಗಳು ನಿಜಕ್ಕೂ ಗೆದ್ದವು ಅಂತಲೇ ಇಟ್ಟುಕೊಳ್ಳೋಣ. ಆಗ ನಮಗೆ ತಿಳಿದದ್ದೇನು? ಸ್ಕೊಪೊಲಮಿನ್ ಒಡ್ಡಿದ ತಡೆಯನ್ನು ಈ ಸಾರ ಸ್ವಲ್ಪ ಮಟ್ಟಿಗೆ ದಾಟಿಸಿತು, ಅಷ್ಟೆ. ತೋಟದ ಕಾಲುವೆಗೆ ಯಾರೋ ಕಟ್ಟೆ ಹಾಕಿದ್ದರಿಂದ ಅಡಿಕೆ ಸಸಿ ಬಾಡಿದ್ದರೆ, ಕಟ್ಟೆ ಒಡೆದ ಕೂಡಲೇ ಚಿಗುರುತ್ತದೆ. ಬೇರು ಕೊಳೆತು ಬಾಡಿದ ಮರಕ್ಕೆ ಎಷ್ಟು ನೀರು ಬಿಟ್ಟರೂ ಚಿಗುರುವುದಿಲ್ಲ ಅಲ್ವಾ? ಇಲಿಯ ಮರೆವು ಮೊದಲನೆಯ ಥರದ್ದು. ಅದರ ನರಕೋಶಗಳೆಲ್ಲ ಗಟ್ಟಿಯಾಗಿವೆ. ಸುಮ್ನೆ ಬಿಟ್ಟರೂ ಕೆಲವು ಗಂಟೆಗಳಲ್ಲಿ ಔಷಧ ಇಳಿದು ಅದು ಮೊದಲಿನಂತಾಗುತ್ತದೆ. ಆಲ್ಜೈಮರ್ ಕಾಯಿಲೆಯಲ್ಲಿ ಮರೆವು ಕಣ್ಣಿಗೆ ಬೀಳುವ ಎಷ್ಟೋ ವರ್ಷ ಮೊದಲೇ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಗಂಟುಗಟ್ಟಲು ಶುರುವಾಗಿರುತ್ತದೆ. ಕೋಶದ ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನು ಸಿಕ್ಕುಗಟ್ಟುತ್ತದೆ. ಕೋಶಗಳೇ ಸಾಯುತ್ತಾ ಹೋಗುತ್ತವೆ. 1906ರಲ್ಲಿ ಆಲೋಯಿಸ್ ಆಲ್ಜೈಮರ್ ತಮ್ಮ ರೋಗಿಯೊಬ್ಬರ ಮಿದುಳಿನಲ್ಲಿ ಕಂಡು ಹೇಳಿದ್ದು ಇವೇ ಎರಡು ಗುರುತುಗಳನ್ನು. ಮಾಮೂಲಿ ಇಲಿಗೆ ಈ ಕಾಯಿಲೆ ತಾನಾಗಿ ಬರುವುದಿಲ್ಲ. ಮನುಷ್ಯನ ದೋಷವಿರುವ ಜೀನು ಸೇರಿಸಿ ಬೆಳೆಸಿದ ವಿಶೇಷ ಇಲಿಗಳಿವೆ, ಅವುಗಳ ಮಿದುಳಿನಲ್ಲಿ ಅಮಿಲಾಯ್ಡ್ ಗಂಟುಗಟ್ಟುತ್ತದೆ. ಆದರೆ ಆ ಇಲಿಗಳಲ್ಲಿ ಗೆದ್ದ ಔಷಧಗಳಲ್ಲೂ ಬಹುಪಾಲು ಮನುಷ್ಯರಲ್ಲಿ ಒಂದರ ಮೇಲೊಂದು ಸೋತಿವೆ.

ಹಾಗಂತ ಗಿಡದಿಂದ ಏನೂ ಆಗದು ಎಂದು ನಾನು ಹೇಳುತ್ತಿಲ್ಲ. ಇಂದು ಡಾಕ್ಟರು ಬರೆದುಕೊಡುವ ಗ್ಯಾಲಂಟಮಿನ್ ಗಿಡದಿಂದಲೇ ಬಂದದ್ದು. ಹಿಮ ಕರಗುವಾಗ ಅರಳುವ ಒಂದು ಪುಟ್ಟ ಬಿಳಿ ಹೂವಿನ ಗಿಡದಿಂದ. 1950ರ ದಶಕದಲ್ಲಿ ಬಲ್ಗೇರಿಯಾದವರು ಅದನ್ನು ಔಷಧವಾಗಿ ಬೆಳೆಸಿದರು. ಮರೆವಿನ ಕಾಯಿಲೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ರಿವಾಸ್ಟಿಗ್ಮಿನ್ ಎಂಬ ಇನ್ನೊಂದು ಔಷಧದ ಮೂಲವೂ ಆಫ್ರಿಕಾದ ಒಂದು ವಿಷದ ಹುರುಳಿ. ನಮ್ಮ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ನೀರು ಬ್ರಾಹ್ಮಿಯ ಮೇಲೆ (ಇದು ಒಂದೆಲಗವಲ್ಲ, ಬೇರೆ ಗಿಡ) ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಅದರ ಸಾರವನ್ನು 12 ವಾರ ಕೊಟ್ಟಾಗ ಆರೋಗ್ಯವಂತರ ಕೆಲವು ನೆನಪಿನ ಪರೀಕ್ಷೆಗಳಲ್ಲಿ ಸಣ್ಣ ಸುಧಾರಣೆ ಕಂಡ ಅಧ್ಯಯನಗಳಿವೆ. ಆರೋಗ್ಯವಂತರಲ್ಲಿ ಎಂಬುದನ್ನು ಗಮನಿಸಿ. ಕಾಯಿಲೆ ಬಂದವರಲ್ಲಿ ಅದು ಕಾಯಿಲೆಯನ್ನು ತಡೆಯುತ್ತದೆ ಎಂಬ ಗಟ್ಟಿ ಸಾಕ್ಷಿ ಇಲ್ಲ.

ಒಂದೆಲಗದ ಕಥೆ ಇನ್ನೂ ಹಿಂದೆ ಇದೆ. ಇಲಿಗಳಲ್ಲಿ ಒಳ್ಳೆಯ ಫಲಿತಾಂಶ ಕೊಟ್ಟ ಪ್ರಯೋಗಗಳು ಬೇಕಾದಷ್ಟಿವೆ. ಆದರೆ ಮನುಷ್ಯರ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಸೇರಿಸಿ 2017ರಲ್ಲಿ ಲೆಕ್ಕ ಹಾಕಿದಾಗ, ನೆನಪಿನ ವಿಷಯದಲ್ಲಿ ಔಷಧವಿಲ್ಲದ ಹುಸಿ ಮಾತ್ರೆಗಿಂತ ಖಚಿತವಾಗಿ ಮೇಲು ಎನ್ನುವ ವ್ಯತ್ಯಾಸ ಕಾಣಲಿಲ್ಲ. ಗಿಂಕೊ ಎಂಬ ಗಿಡದ ಸಾರಕ್ಕೂ ಹೀಗೇ ಆಯಿತು. ಜಗತ್ತಿನಾದ್ಯಂತ ಜನ ನೆನಪಿಗಾಗಿ ಅದನ್ನು ನುಂಗುತ್ತಿದ್ದರು. ಅಮೆರಿಕದಲ್ಲಿ 75 ದಾಟಿದ 3069 ಜನರನ್ನು ಸೇರಿಸಿಕೊಂಡು, ಅರ್ಧ ಜನರಿಗೆ ಗಿಂಕೊ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ಸುಮಾರು ಆರು ವರ್ಷ ಗಮನಿಸಿದರು. 2008ರಲ್ಲಿ ಫಲಿತಾಂಶ ಬಂತು. ಮರೆವಿನ ಕಾಯಿಲೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮವಾಗಿಯೇ ಬಂದಿತ್ತು.

ಈಗ ಡೋಸಿನ ಲೆಕ್ಕ. ಇದನ್ನು ಬಿಡಿಸಿ ಹೇಳಲೇಬೇಕು, ಮೊಬೈಲ್ ಬರಹಗಳು ಎಡವುವುದು ಇಲ್ಲೇ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ 200 ಅಥವಾ 400 ಮಿಲಿಗ್ರಾಂ ಸಾರ ಅಂತ ಇರುತ್ತದೆ. ನಿಮ್ಮ ಆಯಿ 50 ಕಿಲೋ ಇದ್ದಾರೆ ಅನ್ನಿ. 200ನ್ನು 50ರಿಂದ ಗುಣಿಸಿದರೆ 10 ಗ್ರಾಂ ಆಗುತ್ತದೆ. ಹಾಗೆ ಗುಣಿಸಬಾರದು. ಸಣ್ಣ ಪ್ರಾಣಿಯ ದೇಹ ಔಷಧವನ್ನು ನಮಗಿಂತ ಬಹಳ ಬೇಗ ಕರಗಿಸಿ ಹೊರಹಾಕುತ್ತದೆ. ಅಂಗೈಯಲ್ಲಿ ಕೂರುವ ಸಣ್ಣ ಇಲಿಯ ಡೋಸನ್ನು ಮನುಷ್ಯನಿಗೆ ಹೊಂದಿಸಲು ಸುಮಾರು 12ರಿಂದ ಭಾಗಿಸಬೇಕು, ದೊಡ್ಡ ಬಿಳಿ ಇಲಿಯದಾದರೆ ಸುಮಾರು 6ರಿಂದ. ಆಗ ಸಣ್ಣ ಇಲಿಯ 200 ಮಿಲಿಗ್ರಾಂ ಆಯಿಗೆ ಸುಮಾರು 800 ಮಿಲಿಗ್ರಾಂ ಆಗುತ್ತದೆ. ಇದೂ ಕುಡಿಸಿ ಅಂತ ಕೊಟ್ಟ ಡೋಸ್ ಅಲ್ಲ. ಮನುಷ್ಯರ ಮೇಲಿನ ಮೊದಲ ಅಧ್ಯಯನ ಯೋಜಿಸುವವರು ಹಾಕುವ ಅಂದಾಜು. ಅದರ ಮೇಲೂ ಅವರು ಹತ್ತರಿಂದ ಭಾಗಿಸಿ, ತೀರಾ ಕಡಿಮೆಯಿಂದ ಶುರು ಮಾಡುತ್ತಾರೆ.

ತಂಬುಳಿಗೂ ಈ ಸಾರಕ್ಕೂ ಹೋಲಿಕೆ ಕಡಿಮೆ. ಲ್ಯಾಬಿನಲ್ಲಿ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್ ಅಥವಾ ಎಥನಾಲಿನಲ್ಲಿ ಗಂಟೆಗಟ್ಟಲೆ ಕುದಿಸಿ, ಆಮೇಲೆ ಆ ದ್ರವವನ್ನು ಆವಿ ಮಾಡುತ್ತಾರೆ. ತಳದಲ್ಲಿ ಉಳಿಯುವ ಅಂಟಂಟು ವಸ್ತುವೇ ಸಾರ. 10 ಗ್ರಾಂ ಒಣ ಎಲೆಯಿಂದ 1 ಗ್ರಾಂ ಸಾರ ಬಂತು ಅಂತ ಹಿಡಿದರೆ, 800 ಮಿಲಿಗ್ರಾಮಿಗೆ 8 ಗ್ರಾಂ ಒಣ ಎಲೆ ಬೇಕು. ಒಂದೆಲಗದ ಹಸಿ ಎಲೆಯಲ್ಲಿ ಬಹುಪಾಲು ನೀರೇ ಇರುವುದರಿಂದ, ಅಷ್ಟು ಒಣ ಎಲೆಗೆ 60 ಗ್ರಾಂ ಆಸುಪಾಸು ಹಸಿ ಎಲೆ ಹೋಗುತ್ತದೆ. ಇದು ಒಬ್ಬರಿಗೆ, ದಿನವೂ. ಮನೆಯಲ್ಲಿ ಒಂದು ಹಿಡಿ ಎಲೆಯನ್ನು ಜೀರಿಗೆ, ಕಾಳುಮೆಣಸು, ಕಾಯಿತುರಿ ಜೊತೆ ಬೀಸಿ ಮಜ್ಜಿಗೆ ಬೆರೆಸಿದರೆ ಮನೆಮಂದಿಗೆಲ್ಲ ಆಗುತ್ತದೆ. ಮೆಥನಾಲಿಗೆ ಬಿಟ್ಟುಕೊಳ್ಳುವ ಅಂಶಗಳೆಲ್ಲ ಮಜ್ಜಿಗೆಗೆ ಬಿಟ್ಟುಕೊಳ್ಳುವುದೂ ಇಲ್ಲ. ನಿಮ್ಮ ಅಜ್ಜಿ ಕಾಲದಿಂದ ತಂಬುಳಿ ಉಂಡವರಿಗೆ ಏನೂ ತೊಂದರೆಯಾಗಿಲ್ಲ ಎನ್ನುವುದು ಊಟದ ಅಳತೆಗೆ ಸಾಕ್ಷಿ. ಅದನ್ನು ಕ್ಯಾಪ್ಸೂಲಿನ ಅಳತೆಗೆ ಎಳೆಯಲು ಬರುವುದಿಲ್ಲ. ಒಂದೆಲಗದ ಮಾತ್ರೆ ತೆಗೆದುಕೊಂಡ ಮೂವರು ಮಹಿಳೆಯರಿಗೆ ಕಾಮಾಲೆಯ ಜೊತೆ ಯಕೃತ್ತಿನ ಉರಿಯೂತ ಬಂದ ವರದಿ 2005ರಲ್ಲಿ ಪ್ರಕಟವಾಗಿದೆ. ಇದು ತೀರಾ ಅಪರೂಪ. ಆದರೂ 74ರ ವಯಸ್ಸಿನಲ್ಲಿ, ಇಷ್ಟು ಮಾತ್ರೆಗಳ ಜೊತೆಗೆ ಇನ್ನೊಂದನ್ನು ಸೇರಿಸುವ ಮೊದಲು ಯೋಚಿಸಬೇಕಾದ ವಿಷಯ.

ಇನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಇಲಿಗೆ ಮರೆವು ತರಿಸಲು ಸ್ಕೊಪೊಲಮಿನ್ ಕೊಡುತ್ತೇವೆ ಅಂದೆನಲ್ಲ. ಅಸಿಟೈಲ್‌ಕೋಲಿನ್‌ಗೆ ಅದೇ ಥರ ಅಡ್ಡ ಬರುವ ಮಾತ್ರೆಗಳು ಮನೆಮನೆಯಲ್ಲೂ ಇವೆ. ಶೀತದ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್ ಅಂಥದ್ದು. ತುರಿಕೆಗೆ ಕೊಡುವ ಹೈಡ್ರಾಕ್ಸಿಜಿನ್, ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೋಮಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಎಲ್ಲವೂ ಇದೇ ಬಳಗ. ಸಕ್ಕರೆ ಕಾಯಿಲೆಯವರ ಕಾಲುರಿಗೆ ರಾತ್ರಿ ಕೊಡುವ ಸಣ್ಣ ಮಾತ್ರೆ ಎಷ್ಟೋ ಸಲ ಅಮಿಟ್ರಿಪ್ಟಿಲಿನ್ ಆಗಿರುತ್ತದೆ. ನರದ ನೋವಿಗೆ ಅದು ಒಳ್ಳೆಯ ಔಷಧವೇ. ಆದರೆ ಈ ಬಳಗದಲ್ಲಿ ಅದು ಬಲವಾದ ಸದಸ್ಯ. ಮೂವತ್ತು ವರ್ಷದವರಿಗೆ ಬಾಯಿ ಒಣಗುವಷ್ಟಕ್ಕೆ ಮುಗಿಯುತ್ತದೆ. ಎಪ್ಪತ್ತು ದಾಟಿದವರ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಮೊದಲೇ ಕಡಿಮೆಯಾಗಿರುತ್ತದೆ, ಮೂತ್ರಪಿಂಡ ಮತ್ತು ಯಕೃತ್ತು ಔಷಧವನ್ನು ನಿಧಾನವಾಗಿ ಹೊರಹಾಕುತ್ತವೆ. ಅದರ ಮೇಲೆ ಶೀತದ ಮಾತ್ರೆಯೂ ಸೇರಿದರೆ ಮಂಕು, ಗೊಂದಲ, ಮರೆವು ಕಾಣಿಸಿಕೊಳ್ಳಬಹುದು. ಅದಕ್ಕೇ ವಯಸ್ಸಾದವರಿಗೆ ಆದಷ್ಟು ಕೊಡಬಾರದ ಔಷಧಗಳ ಪಟ್ಟಿಯಲ್ಲಿ ಈ ಹೆಸರುಗಳು ಇರುತ್ತವೆ.

ನಿಮ್ಮ ಆಯಿಯ ರಾತ್ರಿ ಮಾತ್ರೆಯ ಹಾಳೆ ತಿರುಗಿಸಿ, ಸಣ್ಣ ಅಕ್ಷರದ ಹೆಸರು ಓದಿ. ಅದೇ ಆಗಿದ್ದರೆ ನೀವೇ ನಿಲ್ಲಿಸಬೇಡಿ. ದಿಢೀರ್ ನಿಲ್ಲಿಸಿದರೆ ನಿದ್ದೆ ಹೋಗುವುದು, ಹೊಟ್ಟೆ ತೊಳಸುವುದು, ಚಡಪಡಿಕೆ ಬರುವುದು ಇದೆ. ಬರೆದುಕೊಟ್ಟ ಡಾಕ್ಟರಿಗೆ ಮರೆವಿನ ವಿಷಯ ಹೇಳಿ, ಇದನ್ನು ಇಳಿಸಿ ಬೇರೆ ಏನಾದರೂ ಕೊಡಬಹುದೇ ಎಂದು ಕೇಳಿ. ಶೀತದ ಮಾತ್ರೆಯನ್ನು ಮಾತ್ರ ಇಂದಿನಿಂದಲೇ ಅಂಗಡಿಯಿಂದ ತರಬೇಡಿ. ನಿದ್ದೆಗೆ ಅಂತ ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಥರದ್ದು ಇದ್ದರೆ ಅದನ್ನೂ ತೋರಿಸಿ, ಅವೂ ನೆನಪನ್ನು ಕುಗ್ಗಿಸುತ್ತವೆ. ಅವುಗಳ ಜೊತೆ ಮಂಪರು ತರುವ ಗಿಡಮೂಲಿಕೆ ಸೇರಿದರೆ ಜೋಲಿ ಹೊಡೆದು ಬೀಳುವ ಭಯವೂ ಇದೆ.

ಎರಡನೆಯದು ಮೆಟ್‌ಫಾರ್ಮಿನ್. ಅದು ಮರೆವಿನ ಮಾತ್ರೆಯಲ್ಲ, ಭಯ ಬೇಡ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರ ದೇಹ ಬಿ12 ಜೀವಸತ್ವವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗ್ಯಾಸ್ಟ್ರಿಕ್‌ಗೆ ಅಂತ ದಿನಾ ಬೆಳಗ್ಗೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರೆ ಇನ್ನೂ ಕಡಿಮೆ. ಮೀನು, ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಸಿಗುವುದು ಹಾಲು ಮೊಸರಿನಿಂದ ಮಾತ್ರ. ಬಿ12 ಕಡಿಮೆಯಾದರೆ ಮರೆವು ಬರುತ್ತದೆ, ಕಾಲುರಿಯೂ ಬರುತ್ತದೆ! ಅಂದರೆ ಆಯಿಯ ಕಾಲುರಿ ಸಕ್ಕರೆಯದ್ದೋ, ಬಿ12 ಕೊರತೆಯದ್ದೋ, ಎರಡೂ ಸೇರಿದ್ದೋ ನೋಡಬೇಕು. ಒಂದು ರಕ್ತ ಪರೀಕ್ಷೆ ಸಾಕು. ಕೊರತೆ ಇದ್ದರೆ ಚುಚ್ಚುಮದ್ದು ಅಥವಾ ಮಾತ್ರೆಯಿಂದ ಸರಿಪಡಿಸಬಹುದು. ಬೇಗ ಹಿಡಿದಷ್ಟೂ ಗುಣ ಜಾಸ್ತಿ.

ಅದರ ಜೊತೆಗೇ ಥೈರಾಯ್ಡ್, ಸೋಡಿಯಂ, ಮೂತ್ರಪಿಂಡದ ಪರೀಕ್ಷೆ, ಮೂರು ತಿಂಗಳ ಸಕ್ಕರೆ ಲೆಕ್ಕ ಎಲ್ಲ ಆಗಲಿ. ಸಕ್ಕರೆ ಪದೇ ಪದೇ ತೀರಾ ಇಳಿಯುತ್ತಿದ್ದರೆ ಅದೂ ಮಿದುಳಿಗೆ ಪೆಟ್ಟು. ಇತ್ತೀಚೆಗೆ ಅಂಗಳದಲ್ಲಿ, ಬಚ್ಚಲಲ್ಲಿ ಜಾರಿ ಬಿದ್ದದ್ದು ಇದ್ದರೆ ಮರೆಯದೆ ಹೇಳಿ. ತಲೆಯೊಳಗೆ ನಿಧಾನವಾಗಿ ರಕ್ತ ಸೋರಿ ಕೂತು ಮರೆವು ತರುವುದುಂಟು, ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ. ಕಿವಿ ಕೇಳಿಸುತ್ತದೆಯೇ ನೋಡಿಸಿ. ಸರಿಯಾಗಿ ಕೇಳಿಸದ್ದು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಮನಸ್ಸು ಕುಗ್ಗಿದ್ದರೂ ಮರೆವಿನಂತೆಯೇ ಕಾಣುತ್ತದೆ. ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಶಿರಸಿಯಲ್ಲೇ ಆಗುತ್ತವೆ. ನರರೋಗ ತಜ್ಞರು ಬೇಕಾದರೆ ಹುಬ್ಬಳ್ಳಿ ಧಾರವಾಡ ಹತ್ತಿರ. ಇನ್ನೂ ಆಳವಾದ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಎಲ್ಲ ನೋಡಿದ ಮೇಲೆ ಆಲ್ಜೈಮರ್ ಎಂದೇ ತೀರ್ಮಾನವಾದರೆ ಡೊನೆಪೆಜಿಲ್ ಥರದ ಮಾತ್ರೆ ಕೊಡುತ್ತಾರೆ. ಅದು ಇರುವ ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದಂತೆ ತಡೆದು ಕೆಲವರಿಗೆ ಸ್ವಲ್ಪ ಕಾಲ ಆಸರೆಯಾಗುತ್ತದೆ. ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಅದರ ಜೊತೆಗೇ ಅಮಿಟ್ರಿಪ್ಟಿಲಿನ್ ಅಥವಾ ಶೀತದ ಮಾತ್ರೆ ಮುಂದುವರಿದರೆ ಒಂದು ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಳ್ಳುತ್ತದೆ. ಮಾತ್ರೆಯ ಚೀಲ ಡಾಕ್ಟರ ಮೇಜಿನ ಮೇಲೆ ಇರಲೇಬೇಕು ಅಂತ ನಾನು ಹಟ ಮಾಡುವುದು ಇದಕ್ಕೇ.

ಇನ್ನು ಮಗಳ ಆಸೆ. ನನಗೆ ನಿಜಕ್ಕೂ ಸಂತೋಷವಾಯಿತು. ಮಾಡಲಿ, ಆದರೆ ಚೆನ್ನಾಗಿ ಮಾಡಲಿ. ಒಂದೂ ಇಲಿಯನ್ನು ಮುಟ್ಟುವ ಮೊದಲು ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಇರುವ ಕೇಂದ್ರದ ಸಮಿತಿ ಇದಕ್ಕೆ ನಿಯಮ ಮಾಡಿದೆ. ಆ ಅರ್ಜಿಯನ್ನು ಬರಿ ಕಾಗದದ ಕೆಲಸ ಅಂತ ಅವಳು ನೋಡದಿರಲಿ. ಎಷ್ಟು ಇಲಿ, ಏಕೆ ಅಷ್ಟು, ಕಡಿಮೆಯಲ್ಲಿ ಆಗದೇ, ನೋವು ತಗ್ಗಿಸುವುದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಬರೆಯುವಾಗಲೇ ಅರ್ಧ ಪ್ರಯೋಗ ತಿಳಿಯಾಗುತ್ತದೆ. ಸುಮ್ನೆ ಗುಂಪಿಗೆ ಆರು ಇಲಿ ಎನ್ನುವ ರೂಢಿಯಿದೆ. ಅಷ್ಟು ಸಾಲುತ್ತದೆಯೇ ಎಂದು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ತೀರಾ ಕಡಿಮೆ ಇಲಿಯಿಂದ ಏನೂ ತಿಳಿಯದಿದ್ದರೆ ಆ ಪ್ರಾಣಿಗಳ ಜೀವವೂ ವ್ಯರ್ಥ. ಇಲಿಗೆ ಕೈಹಾಕುವ ಮೊದಲು ಗಾಜಿನ ಕೊಳವೆಯಲ್ಲೇ ಪರೀಕ್ಷಿಸಬಹುದು. ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ಸಾರ ತಡೆಯುತ್ತದೆಯೇ ಎಂದು ಬಣ್ಣ ನೋಡಿ ಅಳೆಯುವ ಎಲ್ಮನ್ ವಿಧಾನ 1961ರಿಂದ ಇದೆ. ಅದರಲ್ಲಿ ಏನೂ ಕಾಣದಿದ್ದರೆ ಸ್ಕೊಪೊಲಮಿನ್ ಪ್ರಯೋಗಕ್ಕೆ ಇಳಿಯುವ ಮೊದಲು ಬೇರೆ ಗಟ್ಟಿ ಕಾರಣವನ್ನಾದರೂ ಅವಳು ಹುಡುಕಿಕೊಳ್ಳಬೇಕು.

ಗುಂಪು ಮಾಡುವಾಗ ಬರಿ ಸಾರ ಕೊಟ್ಟು ಸ್ಕೊಪೊಲಮಿನ್ ಕೊಡದ ಒಂದು ಗುಂಪನ್ನು ಖಂಡಿತ ಇಟ್ಟುಕೊಳ್ಳಲಿ. ಅನೇಕರು ಇದನ್ನು ಬಿಡುತ್ತಾರೆ. ಸಾರವೇ ಇಲಿಯನ್ನು ಚುರುಕಾಗಿಸುತ್ತದೋ ಮಂಪರು ಮಾಡುತ್ತದೋ ತಿಳಿಯುವುದು ಆ ಗುಂಪಿನಿಂದಲೇ. ಫಲಿತಾಂಶ ಏನೂ ಇಲ್ಲ ಅಂತ ಬಂದರೆ ಅದನ್ನೂ ಹಾಗೇ ಬರೆಯಲಿ. ಗೆದ್ದ ಪ್ರಯೋಗಗಳು ಮಾತ್ರ ಅಚ್ಚಾಗಿ, ಸೋತವು ಕಪಾಟಿನಲ್ಲೇ ಉಳಿಯುವುದರಿಂದಲೇ ನಿಮ್ಮ ಮೊಬೈಲಿಗೆ ಅಂಥ ಬರಹಗಳು ಬರುತ್ತಿವೆ.

ಗಿಡದ ಗುರುತಿನ ವಿಷಯದಲ್ಲಿ ಬಿಗಿ ಇರಲಿ. ಬ್ರಾಹ್ಮಿ ಎನ್ನುವ ಹೆಸರಿನಲ್ಲಿ ಎರಡು ಗಿಡ ಓಡಾಡುತ್ತವೆ. ನಿಮ್ಮ ತೋಟದ ಒಂದೆಲಗ ನೆಲದಲ್ಲಿ ಹರಿದು, ಉದ್ದ ತೊಟ್ಟಿನ ಮೇಲೆ ದುಂಡನೆಯ ಎಲೆ ಬಿಡುತ್ತದೆ. ನೀರು ಬ್ರಾಹ್ಮಿಯದು ದಪ್ಪನೆಯ ಚಿಕ್ಕ ಎಲೆ, ಜೋಡಿ ಜೋಡಿಯಾಗಿ. ಎರಡರ ರಾಸಾಯನಿಕಗಳು ಬೇರೆ ಬೇರೆ, ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದುವುದಿಲ್ಲ. ಬೇರು ಸಮೇತ ಒಂದು ಗಿಡವನ್ನು ಒತ್ತಿ ಒಣಗಿಸಿ, ಸಸ್ಯಶಾಸ್ತ್ರಜ್ಞರಿಂದ ಗುರುತು ಮಾಡಿಸಿ, ಕಾಲೇಜಿನಲ್ಲಿ ಇಟ್ಟಿರಬೇಕು.

ಕೊನೆಯದು ನಿಮ್ಮ ತೋಟಕ್ಕೇ ಸಂಬಂಧಿಸಿದ್ದು. ಅಡಿಕೆಯ ಕೊಳೆ ರೋಗಕ್ಕೆ ಮಳೆಗಾಲದ ಮೊದಲು ಒಮ್ಮೆ, ಸುಮಾರು 40-45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಸುತ್ತೀರಲ್ಲ? ಅದರಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ. ಗೊನೆಯಿಂದ ತೊಟ್ಟಿಕ್ಕುವ ತಾಮ್ರವೆಲ್ಲ ಬೀಳುವುದು ಮರದ ಬುಡದ ಒಂದೆಲಗದ ಮೇಲೆ, ಮಣ್ಣಿನ ಮೇಲೆ. ಒಂದೆಲಗ ಮಣ್ಣಿನಲ್ಲಿರುವ ಲೋಹವನ್ನು ಹೀರಿಕೊಳ್ಳುವ ಗಿಡ. ಅಂಥ ಎಲೆಯ ಸಾರ ತೆಗೆದರೆ ಇಲಿಯಲ್ಲಿ ಕಂಡದ್ದು ಒಂದೆಲಗದ ಗುಣವೋ ತಾಮ್ರದ್ದೋ ಹೇಳುವಂತಿಲ್ಲ. ಹಾಗಾಗಿ ಮದ್ದು ಬೀಳದ ಜಾಗದಲ್ಲಿ, ಗದ್ದೆಯ ಬದುವಿನಲ್ಲೋ ಹಿತ್ತಿಲಿನ ಕುಂಡದಲ್ಲೋ ಬೇರೆಯಾಗಿ ಬೆಳೆಸಿ, ಒಣ ಎಲೆಯ ತಾಮ್ರ ಮತ್ತು ಸೀಸವನ್ನು ಲ್ಯಾಬಿನಲ್ಲಿ ಅಳೆಸಿಕೊಂಡು ಪ್ರಯೋಗ ಶುರು ಮಾಡಲಿ. ಆಯಿಯ ತಂಬುಳಿಗೂ ಅದೇ ಕುಂಡದ ಎಲೆ ಕೊಯ್ಯಿರಿ.